ಘಟ್ಟವನ್ನು ಹಗಲಲ್ಲೇ ಇಳಿಯಬೇಕು

ಸುತ್ತಲಿನ ನೋಟಕ್ಕಾಗಿಯೇ ರೈಲು ಹತ್ತಬೇಕೆಂದು ಹೊರಟವರು ಭಾರತದಲ್ಲಿ ಮೊದಲು ಅರಿಯಬೇಕಾದ ಸಂಗತಿಯೆಂದರೆ, ಇಲ್ಲಿನ ಹಳಿಗಳನ್ನು ಯಾರೂ ನೋಟಕ್ಕಾಗಿ ಹಾಕಲಿಲ್ಲ. ಅದಿರನ್ನು ಬಂದರಿಗೆ ಮುಟ್ಟಿಸಲು, ಸೈನ್ಯವನ್ನು ಗಡಿಯ ಕಡೆಗೆ ಸಾಗಿಸಲು, ಬಯಲುಸೀಮೆಯ ಬೇಸಿಗೆ ತಾಳಲಾರದ ಬ್ರಿಟಿಷ್ ಅಧಿಕಾರಿಗಳನ್ನು ಬೆಟ್ಟದ ಮೇಲಿನ ಊರುಗಳಿಗೆ ಏರಿಸಲು ಹಾಕಿದ ದಾರಿಗಳಿವು. ಎಂಜಿನಿಯರುಗಳು ಎಲ್ಲಿ ಹೆಚ್ಚು ಹೆಣಗಿದರೋ ಅಲ್ಲೇ ಕಿಟಕಿಯ ಬಳಿ ಕುಳಿತವರ ಕಣ್ಣಿಗೂ ಹೆಚ್ಚು ದಕ್ಕುತ್ತದೆ ಎಂಬುದು ನಮ್ಮ ಭಾಗ್ಯವೇ ಹೊರತು ಯಾರ ಯೋಜನೆಯೂ ಅಲ್ಲ. ವೇಳಾಪಟ್ಟಿಗೂ ನೋಟದ ಹಂಗಿಲ್ಲ. ದೂರದ ಊರಿಗೆ ಹೋಗುವ ಜನ ರಾತ್ರಿ ಹತ್ತಿ ಬೆಳಗ್ಗೆ ಇಳಿಯಲು ಬಯಸುತ್ತಾರೆ; ಅದರಿಂದ ಒಂದು ದಿನದ ರಜೆಯೂ ಉಳಿಯುತ್ತದೆ, ಒಂದು ರಾತ್ರಿಯ ವಸತಿಯ ಖರ್ಚೂ ಉಳಿಯುತ್ತದೆ. ಹಾಗಾಗಿ ದೇಶದ ಸೊಗಸಾದ ಘಟ್ಟಗಳಲ್ಲಿ ಹಲವನ್ನು ಹೆಚ್ಚಿನ ಪ್ರಯಾಣಿಕರು ಹೊದಿಕೆಯೊಳಗೆ ಮಲಗಿಯೇ ದಾಟುತ್ತಾರೆ. ಯಾವ ರೈಲು ಒಳ್ಳೆಯದು ಎಂದು ಕೇಳುವ ಗೆಳೆಯರಿಗೆ ನಾನು ಹೇಳುವುದು ಒಂದೇ: ರೈಲಿನ ಹೆಸರನ್ನು ಬಿಡಿ, ಅದು ಘಟ್ಟವನ್ನು ಎಷ್ಟು ಗಂಟೆಗೆ ದಾಟುತ್ತದೆ ಎಂಬುದನ್ನು ನೋಡಿ.

ನಮ್ಮದೇ ಸಕಲೇಶಪುರ ಘಟ್ಟ ಇದಕ್ಕೆ ಒಳ್ಳೆಯ ಉದಾಹರಣೆ. ಹಾಸನ–ಮಂಗಳೂರು ನಡುವಿನ ಮೀಟರ್ ಗೇಜ್ (ಎರಡು ಹಳಿಗಳ ನಡುವೆ ಒಂದು ಮೀಟರ್ ಅಂತರದ) ಮಾರ್ಗ ಪೂರ್ಣಗೊಂಡದ್ದು 1979ರಲ್ಲಿ. ಅದಕ್ಕಿಂತ ಅಗಲದ ಬ್ರಾಡ್ ಗೇಜ್‌ಗೆ ಬದಲಿಸುವ ಸಲುವಾಗಿ 1996ರಲ್ಲಿ ಅದನ್ನು ಮುಚ್ಚಿದರು. ಪ್ರಯಾಣಿಕರ ರೈಲು ಮತ್ತೆ ಓಡಿದ್ದು 2007ರ ಕೊನೆಗೆ. ಆ ಹನ್ನೊಂದು ವರ್ಷಗಳ ಕಾಲ ಬೆಂಗಳೂರು ಮತ್ತು ಕರಾವಳಿಯ ನಡುವೆ ಓಡಾಡಿದವರೆಲ್ಲ ಶಿರಾಡಿ ಘಟ್ಟದ ಬಸ್ಸುಗಳಲ್ಲಿ ಮೈ ನೋಯಿಸಿಕೊಂಡವರೇ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿಲೋಮೀಟರಿನಲ್ಲಿ 57 ಸುರಂಗಗಳೂ ನೂರಕ್ಕೂ ಹೆಚ್ಚು ಸೇತುವೆಗಳೂ ಇವೆ. ಇಳಿಜಾರು 50ಕ್ಕೆ 1ರಂತೆ, ಎಂದರೆ ಪ್ರತಿ 50 ಮೀಟರಿಗೆ ಒಂದು ಮೀಟರ್ ಇಳಿತ. ರಸ್ತೆಯ ಲೆಕ್ಕದಲ್ಲಿ ಇದು ಏನೂ ಅಲ್ಲ. ಆದರೆ ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರ ಜಾರದೆ ನಿಲ್ಲಬೇಕಾದ ರೈಲಿಗೆ ಇದು ದೊಡ್ಡ ಮಾತು. ಮೇಲೇರುವ ಗಾಡಿಗೆ ಸುಬ್ರಹ್ಮಣ್ಯ ರೋಡ್‌ನಲ್ಲಿ ಹಿಂದಿನಿಂದ ಹೆಚ್ಚುವರಿ ಎಂಜಿನ್ ಜೋಡಿಸಿ ತಳ್ಳುವುದೂ, ಇಳಿಯುವ ಗಾಡಿ ಎತ್ತಿನಗಾಡಿಯಂತೆ ನಿಧಾನವಾಗಿ, ಬ್ರೇಕಿನ ಹಿಡಿತ ಬಿಡದೆ ಸಾಗುವುದೂ ಇದೇ ಕಾರಣಕ್ಕೆ. ಈ ನಿಧಾನವೇ ನೋಡುವವರಿಗೆ ಸಿಗುವ ಲಾಭ.

ದೋಣಿಗಲ್, ಕಡಗರವಳ್ಳಿ, ಎಡಕುಮೇರಿ, ಶಿರಿಬಾಗಿಲು ಎಂದು ಸಾಗುವ ಈ ದಾರಿಯಲ್ಲಿ ಸುರಂಗದ ಕತ್ತಲು ಮುಗಿದ ಕೂಡಲೇ ಒಂದು ಕಣಿವೆ, ಕಣಿವೆ ಕಣ್ಣಿಗೆ ಕೂಡುವಷ್ಟರಲ್ಲಿ ಮತ್ತೊಂದು ಸುರಂಗ. ಮಕ್ಕಳಿದ್ದ ಬೋಗಿಯಲ್ಲಿ ಪ್ರತಿ ಸುರಂಗಕ್ಕೂ ಕೂಗು ಏಳುತ್ತದೆ. ಹತ್ತು ಸುರಂಗಗಳಾದ ಮೇಲೆ ದೊಡ್ಡವರೂ ಸಂಕೋಚ ಬಿಟ್ಟು ದನಿ ಸೇರಿಸುತ್ತಾರೆ. ಎಡಕುಮೇರಿಯಂಥ ನಿಲ್ದಾಣದಲ್ಲಿ ಗಾಡಿ ನಿಂತಾಗ ಎಂಜಿನ್ನಿನ ಸದ್ದು ಬಿಟ್ಟರೆ ಕೇಳುವುದು ನೀರು ಮತ್ತು ಜೀರುಂಡೆಗಳ ಸದ್ದು ಮಾತ್ರ. ಕಾಡಿನ ನಡುವೆ ನಿಲ್ದಾಣವನ್ನು ಕಟ್ಟಿದ್ದು ಊರಿಗಾಗಿ ಅಲ್ಲ, ರೈಲಿನ ಅಗತ್ಯಕ್ಕಾಗಿ. ಹಿಂದೆ ಈ ಹಳಿಗಳ ಮೇಲೆಯೇ ಚಾರಣ ಮಾಡುವ ಹುಚ್ಚು ಬೆಂಗಳೂರಿನ ಯುವಕರಿಗೆ ಹತ್ತಿತ್ತು. ಈಗ ಅದಕ್ಕೆ ನಿಷೇಧವಿದೆ, ಇರಬೇಕಾದದ್ದೇ; ಸುರಂಗದೊಳಗೆ ಎದುರು ಬರುವ ಗಾಡಿಗೆ ದಾರಿ ಬಿಡಲು ಜಾಗ ಎಲ್ಲಿದೆ?

ಇಷ್ಟೆಲ್ಲ ಇರುವ ಘಟ್ಟವನ್ನು ಬೆಂಗಳೂರಿನಿಂದ ಕಾರವಾರಕ್ಕೆ ಹೋಗುವ ಪಂಚಗಂಗಾ ಎಕ್ಸ್‌ಪ್ರೆಸ್ಸೂ ಮಂಗಳೂರಿನ ಮೂಲಕ ಕಣ್ಣೂರಿಗೆ ಹೋಗುವ ಎಕ್ಸ್‌ಪ್ರೆಸ್ಸೂ ನಡುರಾತ್ರಿಯ ಹೊತ್ತಿಗೆ ದಾಟುತ್ತವೆ. ನೋಡಬೇಕೆನ್ನುವವರಿಗೆ ಇರುವುದು ಯಶವಂತಪುರದಿಂದ ಬೆಳಗ್ಗೆ ಹೊರಡುವ, ವಾರದ ಎಲ್ಲ ದಿನವೂ ಓಡದ ಗೊಮ್ಮಟೇಶ್ವರ ಎಕ್ಸ್‌ಪ್ರೆಸ್‌ನಂಥ ಹಗಲು ಗಾಡಿಗಳು. 2021ರ ಜುಲೈನಲ್ಲಿ ಈ ಹಗಲು ಗಾಡಿಗಳಿಗೆ ಗಾಜಿನ ಚಾವಣಿಯ ವಿಸ್ಟಾಡೋಮ್ ಬೋಗಿಗಳನ್ನು ಜೋಡಿಸಿದ ಮೇಲೆ, ಊರು ತಲುಪುವ ಗರಜೇ ಇಲ್ಲದೆ ಘಟ್ಟ ನೋಡಲೆಂದೇ ಹತ್ತುವವರ ಒಂದು ಹೊಸ ವರ್ಗ ಹುಟ್ಟಿಕೊಂಡಿತು. 2025ರಲ್ಲಿ ಘಟ್ಟದ ವಿದ್ಯುದೀಕರಣದ ಕೆಲಸಕ್ಕಾಗಿ ಇದೇ ಹಗಲು ಗಾಡಿಗಳು ತಿಂಗಳುಗಟ್ಟಲೆ ರದ್ದಾಗಿದ್ದವು ಎಂಬುದನ್ನು ನೆನೆದರೆ, ಟಿಕೆಟ್ ಕೊಳ್ಳುವ ಮುನ್ನ ಗಾಡಿ ಓಡುತ್ತಿದೆಯೇ ಎಂದು ವಿಚಾರಿಸಿಕೊಳ್ಳುವುದು ಜಾಣತನ.

ಯಾವ ಕಾಲದಲ್ಲಿ ಹೋಗಬೇಕು ಎಂಬ ಪ್ರಶ್ನೆಗೆ ಹೆಚ್ಚಿನವರು ಜುಲೈ ಎನ್ನುತ್ತಾರೆ. ನನ್ನ ಮತ ಬೇರೆ. ಆಷಾಢದ ಮಳೆಯಲ್ಲಿ ಕಣಿವೆಗೆ ಕಣಿವೆಯೇ ಮಂಜಿನಲ್ಲಿ ಮುಳುಗಿ ಕಿಟಕಿಯ ಹೊರಗೆ ಬಿಳಿಯ ಗೋಡೆಯಷ್ಟೇ ಉಳಿಯುವುದುಂಟು. ಗುಡ್ಡ ಕುಸಿಯುವ ಭಯವಂತೂ ಇದ್ದೇ ಇದೆ. 2024ರ ಜುಲೈ ಕೊನೆಯಲ್ಲಿ ಎಡಕುಮೇರಿ ಮತ್ತು ಕಡಗರವಳ್ಳಿಯ ನಡುವೆ ಹಳಿಯ ಕೆಳಗಿನ ಮಣ್ಣೇ ಕುಸಿದು ಸಂಚಾರ ದಿನಗಟ್ಟಲೆ ನಿಂತಿತ್ತು. ಸೆಪ್ಟೆಂಬರಿನ ನಡುವಿನಿಂದ ಅಕ್ಟೋಬರ್ ಕೊನೆಯವರೆಗೆ ಹೋದರೆ ಝರಿಗಳಲ್ಲಿ ನೀರು ಇನ್ನೂ ಇರುತ್ತದೆ, ಮಂಜು ತೆಳುವಾಗಿರುತ್ತದೆ, ಬಿಸಿಲು ಬಿದ್ದಾಗ ಕಾಡಿನ ಹಸಿರಿನಲ್ಲಿ ಎಷ್ಟು ಬಗೆಗಳಿವೆ ಎಂಬುದೂ ಗೊತ್ತಾಗುತ್ತದೆ.

ಕೊಂಕಣ ರೈಲ್ವೆಯ ಬಗ್ಗೆ ಜನರಲ್ಲಿ ಒಂದು ತಪ್ಪು ಕಲ್ಪನೆಯಿದೆ: ಉದ್ದಕ್ಕೂ ಕಡಲು ಕಾಣುತ್ತದೆ ಎಂದು. ಮರವಂತೆಯಲ್ಲಿ ಕಡಲಿಗೆ ಅಂಟಿಕೊಂಡು ಹೋಗುವುದು ಹೆದ್ದಾರಿ. ರೈಲು ಹಳಿ ಒಳನಾಡಿನಲ್ಲಿದೆ. ಈ ಮಾರ್ಗ ತೋರಿಸುವುದು ಕಡಲನ್ನಲ್ಲ, ಕಡಲಿಗೆ ಸೇರುವ ಮುನ್ನ ಹಿಗ್ಗಿ ಮಂದವಾಗುವ ಹೊಳೆಗಳನ್ನು. ಮಂಗಳೂರಿನಿಂದ ಉತ್ತರಕ್ಕೆ ಹೊರಟರೆ ಶಾಂಭವಿ, ಸ್ವರ್ಣಾ, ಸೀತಾ ನದಿಗಳನ್ನು ದಾಟಿ, ಕುಂದಾಪುರದ ಕಡೆಯ ಹೊಳೆಗಳ ಜಾಲವನ್ನು ಹಾದು, ಹೊನ್ನಾವರದಲ್ಲಿ ಶರಾವತಿಯ ಮೇಲೆ ಎರಡು ಕಿಲೋಮೀಟರಿಗೂ ತುಸು ಹೆಚ್ಚು ಉದ್ದದ ಸೇತುವೆಯನ್ನು ಏರುತ್ತೇವೆ. ಇಡೀ ಕೊಂಕಣ ಮಾರ್ಗದಲ್ಲಿ ಅದಕ್ಕಿಂತ ಉದ್ದದ ಸೇತುವೆಯಿಲ್ಲ. ಮುಂದೆ ಅಘನಾಶಿನಿ, ಗಂಗಾವಳಿ, ಕಾರವಾರದ ಬಳಿ ಕಾಳಿ. ಎಡಗಡೆ ಕುಳಿತರೆ ಅಳಿವೆಯ ಕಡೆ, ಬಲಗಡೆ ಕುಳಿತರೆ ಘಟ್ಟದ ಕಡೆ. ನಾನಾದರೆ ಗೋವಾದವರೆಗೆ ಬಲಗಡೆಯನ್ನೇ ಆರಿಸುತ್ತೇನೆ.

ರೋಹಾದಿಂದ ಮಂಗಳೂರಿನ ಬಳಿಯ ತೋಕೂರುವರೆಗೆ 740 ಕಿಲೋಮೀಟರಿನಷ್ಟು ಉದ್ದದ ಈ ಮಾರ್ಗಕ್ಕೆ ಚಾಲನೆ ಸಿಕ್ಕಿದ್ದು ಮಂಗಳೂರಿನವರೇ ಆದ ಜಾರ್ಜ್ ಫರ್ನಾಂಡಿಸ್ ರೈಲ್ವೆ ಸಚಿವರಾಗಿದ್ದಾಗ. 1990ರಲ್ಲಿ ನಿಗಮ ಸ್ಥಾಪನೆಯಾಗಿ, ಎಂಜಿನಿಯರ್ ಇ. ಶ್ರೀಧರನ್ ಅವರ ಮುಂದಾಳುತನದಲ್ಲಿ ಕೆಲಸ ನಡೆದು, 1998ರ ಜನವರಿ 26ರಂದು ಪೂರ್ಣ ಮಾರ್ಗ ತೆರೆಯಿತು. ಗಟ್ಟಿ ಬಂಡೆಗಿಂತ ಅವರನ್ನು ಹೆಚ್ಚು ಕಾಡಿದ್ದು ಮೆತ್ತಗಿನ ಮಣ್ಣು; ಗೋವಾದ ಪೆರ್ನೆಂ ಸುರಂಗದಲ್ಲಿ ಅಗೆದಷ್ಟೂ ಕೆಸರು ಮತ್ತೆ ಒಳಗೆ ಹರಿದು ಬರುತ್ತಿತ್ತು. ಉತ್ತರದ ಭಾಗದಲ್ಲಿ ರತ್ನಾಗಿರಿಯ ಬಳಿ ಆರೂವರೆ ಕಿಲೋಮೀಟರ್ ಉದ್ದದ ಕರ್ಬುಡೆ ಸುರಂಗವೂ ತಳದಿಂದ 64 ಮೀಟರ್ ಎತ್ತರದಲ್ಲಿ ನಿಂತ ಪನ್ವಲ್ ನದಿಯ ಸೇತುವೆಯೂ ಇವೆ.

ಇಲ್ಲಿಯೂ ಗಂಟೆಯದೇ ಆಟ. ಮಂಗಳೂರಿನಿಂದ ಮಧ್ಯಾಹ್ನ ಹೊರಡುವ ಮತ್ಸ್ಯಗಂಧಾ ಎಕ್ಸ್‌ಪ್ರೆಸ್ ನಮ್ಮ ಕರಾವಳಿಯನ್ನು ಇಳಿಬಿಸಿಲಿನಲ್ಲಿ ಚೆನ್ನಾಗಿ ತೋರಿಸುತ್ತದೆ, ಆದರೆ ರತ್ನಾಗಿರಿಯ ಸೇತುವೆ ಬರುವಷ್ಟರಲ್ಲಿ ಕಗ್ಗತ್ತಲು. ಬಿಡುವಿದ್ದವರು ಮಡಗಾಂವ್‌ನಲ್ಲಿ ಇಳಿದು ಒಂದು ರಾತ್ರಿ ತಂಗಿ, ಮರುದಿನ ಬೆಳಗ್ಗೆ ಮುಂಬಯಿಗೆ ಹೊರಡುವ ಮಾಂಡೋವಿ ಎಕ್ಸ್‌ಪ್ರೆಸ್ ಹತ್ತಿದರೆ ಉತ್ತರಾರ್ಧವನ್ನೂ ಹಗಲಿನಲ್ಲಿ ನೋಡಬಹುದು. ಆ ಗಾಡಿಯ ಅಡುಗೆಬೋಗಿಯ ತಿನಿಸಿಗೆ ತನ್ನದೇ ಹೆಸರಿದೆ ಎಂಬುದು ಬೇರೆ ಮಾತು. ಮಳೆಗಾಲದಲ್ಲಿ ಮಾತ್ರ ಈ ಲೆಕ್ಕಾಚಾರವೆಲ್ಲ ಬದಲಾಗುತ್ತದೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಕೊಂಕಣ ರೈಲ್ವೆ ಬೇರೆಯೇ ವೇಳಾಪಟ್ಟಿ ಇಟ್ಟುಕೊಳ್ಳುತ್ತದೆ, ಗಾಡಿಗಳ ವೇಗ ತಗ್ಗಿಸುತ್ತದೆ, ಮಣ್ಣು ಕುಸಿಯಬಹುದಾದ ಕಡೆಗಳಲ್ಲಿ ಹಗಲಿರುಳು ಕಾವಲಿಗೆ ಜನರನ್ನು ನಿಲ್ಲಿಸುತ್ತದೆ. ಬೇಸಿಗೆಯ ಸಮಯವನ್ನು ನಂಬಿ ಆಗಸ್ಟಿಗೆ ಯೋಜನೆ ಹಾಕಬಾರದು.

ಉತ್ತರ ಕನ್ನಡದ ಕ್ಯಾಸಲ್‌ರಾಕ್‌ನಿಂದ ಗೋವಾದ ಕುಳೆಗೆ ಇಳಿಯುವ ಬ್ರಗಾಂಜಾ ಘಟ್ಟ ಇವೆಲ್ಲಕ್ಕಿಂತ ಹಳೆಯದು. ಆಗ ಪೋರ್ಚುಗೀಸರ ಆಳ್ವಿಕೆಯಲ್ಲಿದ್ದ ಗೋವಾದ ಮುರಗಾಂವ್ ಬಂದರನ್ನು ಬ್ರಿಟಿಷ್ ಇಂಡಿಯಾದ ರೈಲಿಗೆ ಜೋಡಿಸಲು 1880ರ ದಶಕದಲ್ಲಿ ಹಾಕಿದ ಈ ಹಳಿಯ ಏರು 37ಕ್ಕೆ 1. 1961ರವರೆಗೆ ಇದು ಎರಡು ದೇಶಗಳ ಗಡಿಯ ಘಟ್ಟವಾಗಿತ್ತು. 310 ಮೀಟರ್ ಎತ್ತರದ ದೂಧ್‌ಸಾಗರದ ಎದೆಯ ಮೇಲೆಯೇ ಹಳಿ ಹಾದಿದೆ. ಮಳೆಗಾಲದಲ್ಲಿ ಜಲಪಾತದ ತುಂತುರು ಬೋಗಿಯೊಳಗೆ ಬಂದು ಬೀಳುತ್ತದೆ. ಗಾಡಿ ಇಲ್ಲಿ ಜನ ಇಳಿಯಲೆಂದು ನಿಲ್ಲುವುದಿಲ್ಲ. ಹಳಿಯ ಮೇಲೆ ನಡೆದು ಬಂದವರಿಗೆ 2023ರಲ್ಲಿ ದಂಡ ವಿಧಿಸಿದ್ದೂ ಆಗಿದೆ. ಬೆಂಗಳೂರಿನಿಂದ ವಾಸ್ಕೋಗೆ ನೇರ ಹೋಗುವ ಎಕ್ಸ್‌ಪ್ರೆಸ್ ಈ ಘಟ್ಟವನ್ನು ಕತ್ತಲಲ್ಲೇ ಇಳಿಯುವುದರಿಂದ, ವಾಸ್ಕೋದಿಂದ ಮಧ್ಯಾಹ್ನ ದೆಹಲಿಗೆ ಹೊರಡುವ ಗೋವಾ ಎಕ್ಸ್‌ಪ್ರೆಸ್‌ನಲ್ಲಿ ಲೋಂಡಾವರೆಗೆ ಬರುವುದು ಮೇಲು. ಈ ಮಾರ್ಗವನ್ನು ಜೋಡಿಹಳಿ ಮಾಡುವ ಯೋಜನೆಗೆ ಗೋವಾದಲ್ಲಿ ಬಲವಾದ ವಿರೋಧವಿತ್ತು. ಕ್ಯಾಸಲ್‌ರಾಕ್–ಕುಳೆ ಭಾಗಕ್ಕೆ ಸಿಕ್ಕಿದ್ದ ವನ್ಯಜೀವಿ ಮಂಡಳಿಯ ಒಪ್ಪಿಗೆಯನ್ನು 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತು. ಬಂದರಿನಿಂದ ಕಲ್ಲಿದ್ದಲು ಹೊತ್ತು ಬಳ್ಳಾರಿಯ ಕಡೆಗೆ ಏರುವ ಸರಕುಗಾಡಿಗಳನ್ನು ಅಲ್ಲಿ ಕಂಡವರಿಗೆ, ಈ ಹಳಿ ಯಾರ ಸಲುವಾಗಿ ಇದೆ ಎಂಬುದನ್ನು ವಿವರಿಸಬೇಕಾಗಿಲ್ಲ.

ವಿಶಾಖಪಟ್ಟಣದಿಂದ ಅರಕು ಕಣಿವೆಗೆ ಏರುವ ದಾರಿಯ ಕತೆಯೂ ಇದೇ. ಛತ್ತೀಸ್‌ಗಢದ ಬೈಲಾಡಿಲಾದ ಕಬ್ಬಿಣದ ಅದಿರನ್ನು ಜಪಾನಿಗೆ ಕಳಿಸಲೆಂದು 1960ರ ದಶಕದಲ್ಲಿ ಕೊತ್ತವಲಸ–ಕಿರಂದುಲ್ ಮಾರ್ಗವನ್ನು ಪೂರ್ವಘಟ್ಟದ ಮೈಗೆ ಅಂಟಿಸಿದರು. ಅದೃಷ್ಟಕ್ಕೆ ಇಲ್ಲಿನ ಪ್ರಯಾಣಿಕರ ಗಾಡಿ ಬೆಳಗ್ಗೆ ಬೇಗ ಹೊರಡುತ್ತದೆ; ಸುರಂಗಗಳನ್ನು ದಾಟುತ್ತ, 996 ಮೀಟರ್ ಎತ್ತರದ ಶಿಮಿಲಿಗುಡ ನಿಲ್ದಾಣವನ್ನು ಮುಟ್ಟಿ, ಕಾಫಿ ತೋಟಗಳ ಅರಕುವಿಗೆ ಮಧ್ಯಾಹ್ನದೊಳಗೆ ತಲುಪಿಸುತ್ತದೆ.

ನೀಲಗಿರಿಯ ಪುಟ್ಟ ರೈಲಿನ ಬಗ್ಗೆ ತುಸು ಹೆಚ್ಚು ಹೇಳಲೇಬೇಕು, ಏಕೆಂದರೆ ಕರ್ನಾಟಕದಿಂದ ಹೋಗುವವರಲ್ಲಿ ಹೆಚ್ಚಿನವರು ಅದರ ನಿಜವಾದ ಸೊಗಸನ್ನು ನೋಡದೆಯೇ ಹಿಂದಿರುಗುತ್ತಾರೆ. ಮೈಸೂರು, ಗುಂಡ್ಲುಪೇಟೆ, ಬಂಡೀಪುರದ ಮೂಲಕ ಕಾರಿನಲ್ಲಿ ಊಟಿ ಸೇರಿ, ಅಲ್ಲಿಂದ ಕೂನೂರಿಗೆ ಹೋಗಿಬಂದು, ಊಟಿ ರೈಲು ಆಯಿತು ಎನ್ನುತ್ತಾರೆ. ಆದರೆ ಈ ಮಾರ್ಗದ ಜೀವ ಇರುವುದು ಕೂನೂರಿನ ಕೆಳಗೆ. 46 ಕಿಲೋಮೀಟರಿನ ಈ ಮೀಟರ್ ಗೇಜ್ ಹಳಿ ಮೆಟ್ಟುಪಾಳಯದಲ್ಲಿ ಸಮುದ್ರಮಟ್ಟದಿಂದ 326 ಮೀಟರ್ ಎತ್ತರದಲ್ಲಿ ಹೊರಟು 2,200 ಮೀಟರಿಗೂ ಮೇಲಿರುವ ಊಟಿಯನ್ನು ಮುಟ್ಟುತ್ತದೆ. ಕಲ್ಲಾರಿನಿಂದ ಕೂನೂರಿನವರೆಗೆ ಏರು ಹೆಚ್ಚುಕಡಿಮೆ 12ಕ್ಕೆ 1; ಇಂಥ ಏರಿನಲ್ಲಿ ಬರಿಯ ಚಕ್ರ ಕೆಲಸಕ್ಕೆ ಬಾರದು. ಆದ್ದರಿಂದ ಎರಡು ಹಳಿಗಳ ನಡುವೆ ಹಲ್ಲುಗಳಿರುವ ಉಕ್ಕಿನ ಪಟ್ಟಿಗಳನ್ನು ಜೋಡಿಸಿದ್ದಾರೆ. ಎಂಜಿನ್ನಿನ ಕೆಳಗಿನ ಹಲ್ಲುಚಕ್ರ ಆ ಹಲ್ಲುಗಳನ್ನು ಕಚ್ಚಿಕೊಂಡು ಮೇಲೇರುತ್ತದೆ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಬ್ಟ್ ರೂಪಿಸಿದ ಪದ್ಧತಿ ಇದು. ಕೂನೂರಿನವರೆಗಿನ ಮಾರ್ಗ 1899ರಲ್ಲಿ ತೆರೆಯಿತು, ಊಟಿಯವರೆಗೆ ಮುಟ್ಟಿದ್ದು 1908ರಲ್ಲಿ. 2005ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಏರುವಾಗ ಉಗಿಯ ಎಂಜಿನ್ ಗಾಡಿಯ ಹಿಂದೆ ಇರುತ್ತದೆ, ಎಳೆಯುವುದಿಲ್ಲ, ತಳ್ಳುತ್ತದೆ. ಹಾಗಾಗಿ ಎಲ್ಲಕ್ಕಿಂತ ಮುಂದಿನ ಬೋಗಿಯಲ್ಲಿ ಕುಳಿತವರಿಗೆ ಎದುರಿಗೆ ಎಂಜಿನ್ನಿನ ಅಡ್ಡಿಯಿಲ್ಲದೆ ಹಳಿ, ತಿರುವು, ಸುರಂಗದ ಬಾಯಿ ಎಲ್ಲವೂ ನೇರವಾಗಿ ಕಾಣುತ್ತವೆ. ದೇಶದಲ್ಲಿ ಬೇರೆ ಗಾಡಿಗಳಲ್ಲಿ ಚಾಲಕನಿಗೆ ಮಾತ್ರ ಸಿಗುವ ನೋಟ ಇದು. ಪ್ರತಿ ಬೋಗಿಗೂ ಒಬ್ಬ ಬ್ರೇಕ್‌ಮನ್ ನಿಂತಿದ್ದು, ಮುಂದಿನವನು ಬೀಸಿದ ಬಾವುಟವನ್ನು ನೋಡಿ ಹಿಂದಿನವನು ಬೀಸಿ, ಸುದ್ದಿ ಎಂಜಿನ್ನಿನವರೆಗೆ ಹೋಗುತ್ತದೆ. ಹಿಲ್‌ಗ್ರೋವ್‌ನಂಥ ನಿಲ್ದಾಣದಲ್ಲಿ ಎಂಜಿನ್ ನೀರು ಕುಡಿಯುವ ಹೊತ್ತಿನಲ್ಲಿ ಕೋತಿಗಳು ಪ್ರಯಾಣಿಕರ ಚೀಲಗಳನ್ನು ತಪಾಸಣೆ ಮಾಡುತ್ತವೆ. ಕೂನೂರಿನಲ್ಲಿ ಎಂಜಿನ್ ಬದಲಾಗಿ ಡೀಸೆಲ್ ಬರುತ್ತದೆ. ಅಲ್ಲಿಂದ ಮುಂದೆ ಚಹಾ ತೋಟ, ನೀಲಗಿರಿ ಮರ, ಕೇತ್ತಿಯ ಕಣಿವೆ; ಚೆಂದವೇ, ಆದರೆ ಕೆಳಗಿನ ಸೆಣಸಾಟ ಇಲ್ಲಿಲ್ಲ. ಬೆಳಗ್ಗೆ ಏಳರ ಸುಮಾರಿಗೆ ಮೆಟ್ಟುಪಾಳಯ ಬಿಡುವ ಗಾಡಿಗಾಗಿ ಹಿಂದಿನ ದಿನವೇ ಕೊಯಮತ್ತೂರನ್ನೋ ಮೆಟ್ಟುಪಾಳಯವನ್ನೋ ಸೇರಿಕೊಳ್ಳಬೇಕು. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಹಿಂಗಾರು ಮಳೆಗೆ ಇಲ್ಲಿ ಮಣ್ಣು ಕುಸಿದು ಸಂಚಾರ ನಿಲ್ಲುವುದು ಸಾಮಾನ್ಯ. ನಮ್ಮ ಘಟ್ಟಕ್ಕೆ ನಾನು ಹೇಳಿದ ಅಕ್ಟೋಬರ್ ಇಲ್ಲಿಗೆ ಹೊಂದುವುದಿಲ್ಲ.

ಡಾರ್ಜಿಲಿಂಗ್ ಮತ್ತು ಶಿಮ್ಲಾ ರೈಲುಗಳ ಬಗ್ಗೆ ಎಲ್ಲರೂ ಬರೆದಿದ್ದಾರೆ. ಎರಡರಲ್ಲಿ ಒಂದನ್ನೇ ಆರಿಸಬೇಕಾದರೆ ನಾನು ಶಿಮ್ಲಾ ಎನ್ನುತ್ತೇನೆ: 1903ರಲ್ಲಿ ತೆರೆದ ಆ 96 ಕಿಲೋಮೀಟರಿನಲ್ಲಿ ನೂರಕ್ಕೂ ಮಿಕ್ಕ ಸುರಂಗಗಳಿವೆ, ಅಂತಸ್ತುಗಳಾಗಿ ಕಟ್ಟಿದ ಕಮಾನು ಸೇತುವೆಗಳಿವೆ, ಕಾಲ್ಕಾದಿಂದ ಬೆಳಗ್ಗೆ ಹೊರಟರೆ ಎಲ್ಲವೂ ಹಗಲಿಗೇ ಸಿಗುತ್ತದೆ. ಡಾರ್ಜಿಲಿಂಗಿನ ಹಳಿ ಬಹುಪಾಲು ರಸ್ತೆಯ ಪಕ್ಕದಲ್ಲೇ, ಅಂಗಡಿಗಳ ಬಾಗಿಲಿಗೆ ತಾಗಿಕೊಂಡು ಹೋಗುತ್ತದೆ. ಅದರ ಸುಖ ಬೇರೆ ಬಗೆಯದು, ಬೆಟ್ಟಕ್ಕಿಂತ ಬೀದಿಯದು.

ಈಚೆಗೆ ಎಲ್ಲರ ಬಾಯಲ್ಲಿರುವುದು ಕಾಶ್ಮೀರದ ರೈಲು. ಚಿನಾಬ್ ನದಿಯ ತಳದಿಂದ 359 ಮೀಟರ್ ಎತ್ತರದ ಕಮಾನು ಸೇತುವೆ ಸೇರಿದಂತೆ ಕಟ್ರಾ–ಬನಿಹಾಲ್ ಭಾಗ 2025ರ ಜೂನ್ 6ರಂದು ಉದ್ಘಾಟನೆಯಾದ ಮೇಲೆ ಕಟ್ರಾದಿಂದ ಶ್ರೀನಗರಕ್ಕೆ ವಂದೇ ಭಾರತ್ ಓಡುತ್ತಿದೆ. ಕಟ್ಟಿದವರ ಸಾಹಸ ಅಸಾಮಾನ್ಯ, ಸಂಶಯವಿಲ್ಲ. ಆದರೆ ನೋಟಕ್ಕೆಂದೇ ಹೋಗುವವರಿಗೆ ಒಂದು ಎಚ್ಚರಿಕೆ: ಈ ಭಾಗದ 111 ಕಿಲೋಮೀಟರಿನಲ್ಲಿ 97ರಷ್ಟು ಸುರಂಗದೊಳಗೇ ಇದೆ. ಚಿನಾಬ್ ಸೇತುವೆಯ ಸೊಬಗಿರುವುದು ಅದರ ಕಮಾನಿನಲ್ಲಿ, ಮತ್ತು ಸೇತುವೆಯ ಮೇಲಿರುವವರಿಗೆ ಕಮಾನು ಕಾಣುವುದಿಲ್ಲ. ಬನಿಹಾಲ್ ದಾಟಿ ಪೀರ್ ಪಂಜಾಲ್ ಸುರಂಗದಿಂದ ಹೊರಬಿದ್ದ ಮೇಲೆ ಬಾರಾಮುಲ್ಲಾವರೆಗೆ ತೆರೆದುಕೊಳ್ಳುವ ಬಯಲೇ ಅಲ್ಲಿನ ನಿಜವಾದ ದೃಶ್ಯ. ಜನವರಿಯ ಹಿಮದಲ್ಲಿ ಅಲ್ಲಿನ ಸಾಮಾನ್ಯ ಲೋಕಲ್ ಗಾಡಿಯೇ ಸಾಕು.

ಐಷಾರಾಮಿ ರೈಲುಗಳ ಮಾತು ಇಲ್ಲಿ ಬರಲೇಬೇಕು. 1982ರ ಪ್ಯಾಲೇಸ್ ಆನ್ ವೀಲ್ಸ್‌ನಿಂದ ಹಿಡಿದು ನಮ್ಮ ರಾಜ್ಯದ, 2008ರಲ್ಲಿ ಆರಂಭವಾದ, ಬೋಗಿಗಳಿಗೆ ಕದಂಬ, ಹೊಯ್ಸಳ ಮೊದಲಾದ ರಾಜವಂಶಗಳ ಹೆಸರಿಟ್ಟ ಗೋಲ್ಡನ್ ಚಾರಿಯಟ್‌ವರೆಗೆ ಇವೆಲ್ಲವುಗಳ ಕ್ರಮ ಒಂದೇ: ರಾತ್ರಿ ಗಾಡಿ ಓಡುತ್ತದೆ, ಹಗಲು ನಿಲ್ದಾಣದಲ್ಲಿ ನಿಂತು ಅತಿಥಿಗಳನ್ನು ಬಸ್ಸಿನಲ್ಲಿ ಗುಡಿಗೋ ಅರಮನೆಗೋ ಕರೆದೊಯ್ಯುತ್ತಾರೆ. ಅದು ಉರುಳುವ ಹೋಟೆಲು. ಹಂಪಿ, ಬೇಲೂರು ನೋಡಲು ಅನುಕೂಲವೇ ಆದರೂ, ಹಳಿಯ ಇಕ್ಕೆಲಗಳನ್ನು ನೋಡಬಯಸುವವರು ಅಷ್ಟು ಹಣ ತೆತ್ತು ನಿದ್ದೆಯನ್ನು ಕೊಂಡಂತೆ. ವಿಸ್ಟಾಡೋಮ್ ಇದಕ್ಕಿಂತ ಎಷ್ಟೋ ವಾಸಿ. 44 ಆಸನಗಳು, ಬೇಕಾದ ಕಡೆಗೆ ತಿರುಗುತ್ತವೆ, ಕಿಟಕಿಗಳು ದೊಡ್ಡವು. ಆದರೂ ಗಾಜಿನ ಚಾವಣಿಯಿಂದ ಕಾಣುವುದು ಹೆಚ್ಚಾಗಿ ಆಕಾಶವೇ. ಕಣಿವೆ ಇರುವುದು ಕೆಳಗೆ. ಮಳೆ ನಿಂತ ಮಣ್ಣಿನ ವಾಸನೆ, ಸುರಂಗದ ತಣ್ಣನೆಯ ಗಾಳಿ, ಸೇತುವೆ ಬಂದಾಗ ಬದಲಾಗುವ ಹಳಿಯ ಸದ್ದು, ಇವು ಯಾವುವೂ ಹವಾನಿಯಂತ್ರಿತ ಗಾಜಿನೊಳಗೆ ಬರುವುದಿಲ್ಲ. ಸ್ಲೀಪರ್ ಬೋಗಿಯ ಸೈಡ್ ಲೋವರ್ ಸೀಟು, ಎತ್ತಿದ ಕಿಟಕಿ, ಎದುರಿಗೆ ಚಕ್ಕುಲಿಯ ಡಬ್ಬ: ಅರವತ್ತು ದಾಟಿದ ನನ್ನ ಅತ್ತಿಗೆ ಕೂಡ ಎಸಿ ಬೇಡವೆಂದು ಇದನ್ನೇ ಕೇಳಿ ಪಡೆಯುತ್ತಾರೆ.

ಘಟ್ಟಗಳ ಮಾತೇ ಹೆಚ್ಚಾಯಿತು. ಈ ದೇಶದ ಬಹುಪಾಲು ಬಯಲು, ಅದನ್ನೂ ಬಿಡುವಂತಿಲ್ಲ. ದಿಬ್ರೂಗಢದಿಂದ ಕನ್ಯಾಕುಮಾರಿಗೆ ಸುಮಾರು 4,200 ಕಿಲೋಮೀಟರ್ ಓಡುವ ವಿವೇಕ ಎಕ್ಸ್‌ಪ್ರೆಸ್‌ನಲ್ಲಿ ಆದಿಯಿಂದ ಅಂತ್ಯದವರೆಗೆ ಕೂರಬೇಕೆಂದು ನಾನು ಯಾರಿಗೂ ಹೇಳುವುದಿಲ್ಲ. ಬದಲಿಗೆ ಪೂರ್ವ ಕರಾವಳಿಯ ತುಂಡೊಂದನ್ನು ಆರಿಸಿಕೊಳ್ಳಬಹುದು: ರಾಜಮಹೇಂದ್ರಿಯಲ್ಲಿ ಗೋದಾವರಿಯ ವಿಸ್ತಾರವಾದ ಪಾತ್ರ, ಅಲ್ಲಿ ಕಿಟಕಿಗಳಿಂದ ನೀರಿಗೆ ಬೀಳುವ ನಾಣ್ಯಗಳು, ಮುಂದೆ ಒಡಿಶಾದಲ್ಲಿ ಚಿಲಿಕಾ ಸರೋವರದ ಅಂಚಿಗೇ ಬರುವ ಹಳಿ, ದೋಣಿಗಳು, ಚಳಿಗಾಲದಲ್ಲಿ ದೂರದ ನಾಡುಗಳಿಂದ ಬಂದ ಹಕ್ಕಿಗಳು. ಬೆಂಗಳೂರಿನಿಂದ ಹೌರಾ ಮತ್ತು ಗುವಾಹಟಿಗೆ ಹೋಗುವ ಗಾಡಿಗಳು ಈ ದಾರಿಯಲ್ಲೇ ಸಾಗುತ್ತವೆ. ಅವುಗಳಲ್ಲಿ ಯಾವುದು ಚಿಲಿಕಾವನ್ನು ಬೆಳಕಿರುವಾಗ ದಾಟುತ್ತದೆ ಎಂದು ಬಾಲುಗಾಂವ್ ನಿಲ್ದಾಣದ ಸಮಯವನ್ನು ನೋಡಿ ನಿರ್ಧರಿಸಬೇಕು.

ನನ್ನ ಮುಂದಿನ ಯೋಜನೆ ಅಸ್ಸಾಮಿನ ಲಮ್ಡಿಂಗ್–ಬದರ್‌ಪುರ ಬೆಟ್ಟದ ಮಾರ್ಗ. ಶತಮಾನ ದಾಟಿದ ಮೀಟರ್ ಗೇಜ್ ಹಳಿಯ ಬದಲು 2015ರಲ್ಲಿ ಬ್ರಾಡ್ ಗೇಜ್ ಬಂದಿದೆ, ಗುವಾಹಟಿಯಿಂದ ನ್ಯೂ ಹಾಫ್ಲಾಂಗ್‌ಗೆ 2021ರಲ್ಲಿ ವಿಸ್ಟಾಡೋಮ್ ಕೂಡ ಬಂತು. 2022ರ ಮೇ ತಿಂಗಳ ಮಳೆಯಲ್ಲಿ ನ್ಯೂ ಹಾಫ್ಲಾಂಗ್ ನಿಲ್ದಾಣದಲ್ಲಿ ನಿಂತಿದ್ದ ಗಾಡಿಯ ಬೋಗಿಗಳನ್ನೇ ಕೆಸರಿನ ಪ್ರವಾಹ ಉರುಳಿಸಿದ ಚಿತ್ರಗಳನ್ನು ಕಂಡವರು ಅಲ್ಲಿಗೆ ಮಳೆಗಾಲದಲ್ಲಿ ಹೋಗಲು ಹಿಂಜರಿಯುತ್ತಾರೆ. ನಾನೂ ಡಿಸೆಂಬರನ್ನೇ ಗೊತ್ತುಮಾಡಿದ್ದೇನೆ. ಮುಂಗಡ ಬುಕಿಂಗ್ ಈಗ 60 ದಿನ ಮೊದಲಷ್ಟೇ ತೆರೆಯುವುದರಿಂದ ಅಕ್ಟೋಬರಿನಲ್ಲಿ ಕಾದು ಕೂರಬೇಕು. ಬೆಳಗ್ಗೆ ಹೊರಡುವ ಗಾಡಿಯೇ ಆಗಬೇಕು, ಏಕೆಂದರೆ ಆ ತಿಂಗಳಲ್ಲಿ ಅಸ್ಸಾಮಿನ ಸೂರ್ಯ ಸಂಜೆ ನಾಲ್ಕೂವರೆಗೆಲ್ಲ ಮುಳುಗಿಬಿಡುತ್ತಾನೆ; ಆರು ಗಂಟೆಯವರೆಗೆ ಬೆಳಕಿರುತ್ತದೆ ಎಂಬ ಬೆಂಗಳೂರಿನ ಲೆಕ್ಕ ಅಲ್ಲಿ ನಡೆಯುವುದಿಲ್ಲ.